ಎರಡನೇ ಡಿಟೆಕ್ಟರ್

ಫೆ. 3, ಬೆಳಿಗ್ಗೆ 7.40
ಮೆಸ್ ಟೀ ತಣ್ಣಗಿತ್ತು. ಕುಡಿದೆ. ಲ್ಯಾಬಿನಲ್ಲಿ ಇವತ್ತು ನಲವತ್ತೊಂದು ಗ್ರಾಫ್. ಗುರುತ್ವ ಅಲೆಯೋ, ಬರೀ ಗದ್ದಲವೋ — ಲೇಬಲ್ ಹಾಕಬೇಕು. ಅಲೆ ಹಿಡಿಯುವ ಡಿಟೆಕ್ಟರಿನ ಹತ್ತಿರ ಲಾರಿ ಹೋದರೂ ಗೆರೆ ಅಲುಗುತ್ತದೆ. ಸಾಲದ್ದಕ್ಕೆ ಮೇಡಂ ನಡುವೆ ನಕಲಿ ಸಿಗ್ನಲ್ ಸೇರಿಸಿಡುತ್ತಾರೆ, ನಮ್ಮನ್ನು ಟೆಸ್ಟ್ ಮಾಡಲು. ಹೋದ ವಾರ ಒಂದಕ್ಕೆ ಬಿದ್ದೆ. ಬ್ಲ್ಯಾಕ್ ಹೋಲ್ ಎಂದು ಕೂಗಿಬಿಟ್ಟೆ. ಈಗ ಕ್ಲಾಸಿಗೆಲ್ಲ ನಾನು ‘ಬ್ರೇಕಿಂಗ್ ನ್ಯೂಸ್’. ಮೇಡಂ ಬೈಯಲಿಲ್ಲ.
"ಒಂದೇ ಡಿಟೆಕ್ಟರ್ ಹೇಳಿದ್ರೆ ನಂಬ್ಬೇಡ ಕಣಮ್ಮ. ಬೇರೆ ಊರಲ್ಲಿರೋ ಎರಡನೇದೂ ಹೇಳ್ಲಿ. ಅಲ್ಲೀವರೆಗೆ ಸುಮ್ನಿರು."
ಅಂಡರ್‌ಲೈನ್ ಮಾಡಿಕೊಂಡೆ.

ಫೆ. 5
ಅಪ್ಪನ ಫೋನ್. ಅದೇನು ಓದುತ್ತೀ ಎಂದರು. ಹೇಳಿದೆ — ಬೆಳಕೇ ಬಿಡದ ಎರಡು ಬ್ಲ್ಯಾಕ್ ಹೋಲ್ ಡಿಕ್ಕಿ ಹೊಡೆದರೆ ಟೆಲಿಸ್ಕೋಪಿಗೆ ಕಾಣುವುದಿಲ್ಲ, ಆದರೆ ಜಾಗವೇ ನಡುಗಿ ಅಲೆ ಬರುತ್ತದೆ. ಅವು ಎಷ್ಟು ಭಾರ, ಎಷ್ಟು ದೂರ, ಎಲ್ಲ ಅದರಲ್ಲೇ. ಕೋಟಿಗಟ್ಟಲೆ ವರ್ಷ ಪ್ರಯಾಣ. ಇಲ್ಲಿ ಅರ್ಧ ಸೆಕೆಂಡಿನಲ್ಲಿ ದಾಟಿ ಹೋಗುತ್ತದೆ.
"ಅಷ್ಟು ದೂರದ್ದು ಕೇಳ್ಸುತ್ತೆ. ನಾನು ಫೋನ್ ಮಾಡಿದ್ರೆ ಮಾತ್ರ ಕೇಳ್ಸಲ್ಲ ನಿಂಗೆ."
ನಕ್ಕರು. ಕೆಮ್ಮಿದರು. ಆರನೇ ಕ್ಲಾಸಿನಿಂದ ಹಾಸ್ಟೆಲ್... ನಮ್ಮ ಮಾತು ಇಷ್ಟೇ ಉದ್ದ.

ಫೆ. 9, ಬೆಳಿಗ್ಗೆ 11.15
ಅಕ್ಕನ ವಾಯ್ಸ್ ಮೆಸೇಜ್. ಅಪ್ಪನಿಗೆ ಸೀರಿಯಸ್, ಈಗಲೇ ಹೊರಡು. ಕಾಲೇಜು ಸೇರಿದ ಮೇಲೆ ಇದು ಮೂರನೆಯದು. ಎರಡು ಸಲ ಓಡಿದ್ದೆ. ಅಪ್ಪ ಆರಾಮಾಗಿ ಪೇಪರ್ ಓದುತ್ತಿದ್ದರು. ಹೀಗಾದರೂ ಬರ್ತೀಯಲ್ಲ ಎಂದಿದ್ದಳು ಅಕ್ಕ. ಬಸ್ಸಿನಲ್ಲಿ ಮೂರೇ ಗಂಟೆ, ನಿಜ. ಆದರೆ ನಾಳೆ ಸಬ್ಮಿಷನ್. ಅಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅಮ್ಮನೂ ಹೇಳಲಿ.
ಗ್ರಾಫ್ 17 — ಗದ್ದಲ.

ಫೆ. 9, 3.50
ಅಮ್ಮ ಫೋನ್ ಮಾಡಿದಳು. ಮೂರೂವರೆಗೆ ಹೋದರಂತೆ.

ಫೆ. 22
ವಾಪಸ್ ಹಾಸ್ಟೆಲ್. ಅಳು ಬರುತ್ತಿಲ್ಲ. ಊಟ ಮಾಡುತ್ತೇನೆ, ಏನು ತಿಂದೆ ಎಂದು ನೆನಪಿರುವುದಿಲ್ಲ. ಬ್ರೇಕಿಂಗ್ ನ್ಯೂಸ್ ಎಂದು ಯಾರೂ ಕರೆಯುತ್ತಿಲ್ಲ. ಯಾಕೆ ತಡವಾಯಿತೆಂದು ಮನೆಯಲ್ಲೂ ಕೇಳಲಿಲ್ಲ. ಬಸ್ ಸಿಗಲಿಲ್ಲ ಎಂದು ನಾನೇ ಹೇಳಿದೆ.

ಫೆ. 24, ಮಧ್ಯಾಹ್ನ
ಲ್ಯಾಬ್ ಖಾಲಿ. ಅಕ್ಕನ ಮೆಸೇಜನ್ನು ಕಂಪ್ಯೂಟರಿಗೆ ಹಾಕಿದೆ. ಒಟ್ಟು ಒಂಬತ್ತು ಸೆಕೆಂಡ್. ಅಕ್ಕನ ಮಾತು ನಾಲ್ಕು. ಆಮೇಲೆ ಆಫ್ ಮಾಡಲು ಮರೆತಿದ್ದಾಳೆ — ಬರೀ ಫ್ಯಾನ್ ಸದ್ದು. ಗ್ರಾಫಿಗೆ ಮಾಡುವ ಹಾಗೆಯೇ ಅದನ್ನು ಫಿಲ್ಟರ್ ಮಾಡಿದೆ. ಆರನೇ ಸೆಕೆಂಡಿನಲ್ಲಿ ಅಪ್ಪ. ಸಣ್ಣಗೆ.
"ಹೊರಟ್ಲಾ?"
ಮತ್ತೆ ಹಾಕಿದೆ. ಹೌದು, ಅಪ್ಪನೇ. ಎಂಟನೇ ಸೆಕೆಂಡಿಗೆ ಅಕ್ಕ.
"ಹೂಂ ಅಪ್ಪ. ಬಸ್ ಹತ್ತಿದಾಳೆ."
ಆಗ ನಾನು ಇದೇ ಕುರ್ಚಿಯಲ್ಲಿ, ಗ್ರಾಫ್ 17ರ ಮುಂದೆ ಕೂತಿದ್ದೆ.