ಎಡಗೈ ಗಂಟು

ಅಪ್ಪಾ,

ಇದನ್ನು ನಿಮಗೆ ತಲುಪಿಸಲು ದಾರಿಯಿಲ್ಲ. ನೀವು ಬೆಟ್ಟದ ಬಂಡುಕೋರರಿಗೆ ಗುರುಗಳಾದ ಮೇಲೆ ಈ ಮನೆಯಲ್ಲಿ ಯಾರೂ ನಿಮ್ಮ ಹೆಸರೆತ್ತುವುದಿಲ್ಲ.

ಇವತ್ತು ಬೆಳಿಗ್ಗೆ ನನ್ನ ತಮ್ಮ ಕೈ ತೊಳೆಯುವಾಗ ಅವನ ಅಂಗಿಯ ತೋಳು ಮೇಲೆ ಸರಿಯಿತು. ಮಣಿಕಟ್ಟಿನಲ್ಲಿ ಕಪ್ಪು ದಾರವಿತ್ತು. ದಾಳಿಗೆ ಹೊರಟವರನ್ನು ಹರಸಿ ನೀವು ಕಟ್ಟುವ ದಾರ ಅದೆಂದು ಊರಿಗೆಲ್ಲ ಗೊತ್ತು. ಅದನ್ನು ಕಟ್ಟಿಸಿಕೊಂಡು ಹೋದವರು ಯಾರೂ ತಿರುಗಿ ಬಂದಿಲ್ಲ. ಚಿಕ್ಕಂದಿನಲ್ಲಿ ನನ್ನ ಜಡೆಯ ರಿಬ್ಬನ್ನಿಗೆ ನೀವು ಎಡಗೈಯಲ್ಲಿ ಹಾಕುತ್ತಿದ್ದದ್ದೂ ಇದೇ ಗಂಟು.

“ಏನಕ್ಕಾ, ದೆವ್ವ ಕಂಡ ಹಾಗೆ ನಿಂತ್ಬಿಟ್ಟೆ?” ಎಂದು ನಕ್ಕ.

“ಅಪ್ಪ ನಿನ್ನ ಗುರುತು ಹಿಡೀಲಿಲ್ವೇನೋ?”

“ಅವರು ಕಣ್ಣು ಮುಚ್ಕೊಂಡೇ ಕಟ್ಟೋದು. ಮುಖ ನೋಡಿದ್ರೆ ಕೈ ನಡುಗುತ್ತಂತೆ.”

“ನೀನಾದ್ರೂ ‘ಅಪ್ಪಾ’ ಅನ್ನಬಾರದಿತ್ತಾ?”

“ಅಂದಿದ್ರೆ ಕಟ್ತಿದ್ರಾ? ಮೆಲ್ಲಗೆ ಮಾತಾಡು, ಅಮ್ಮ ಒಳಗಿದ್ದಾಳೆ.”

ನಾಳೆ ಹೊರಡುತ್ತಾನಂತೆ. ದಾರ ಕತ್ತರಿಸಿದವನನ್ನು ನಿಮ್ಮವರು ದ್ರೋಹಿ ಎಂದು ಕೊಲ್ಲುತ್ತಾರೆ. ನೀವೇ ಬಿಚ್ಚಿದರೆ ಮಾತ್ರ ಅವನಿಗೆ ಬಿಡುಗಡೆ.

ಮಧ್ಯಾಹ್ನ ಅವನು ಮಲಗಿದ್ದಾಗ ಪಕ್ಕದಲ್ಲಿ ಕುಳಿತೆ. ದಾರ ಹರಿಯದಂತೆ ಗಂಟು ಬಿಚ್ಚಿದರೆ, ನೀವೇ ಬಿಚ್ಚಿದಿರಿ ಎಂದು ಸುಳ್ಳು ಹೇಳಬಹುದಲ್ಲ. ಆದರೆ ನಾನು ಒಂದು ತುದಿ ಎಳೆದದ್ದೇ ಗಂಟು ಇನ್ನಷ್ಟು ಬಿಗಿಯಾಯಿತು. ಅವನು ನಿದ್ದೆಯಲ್ಲೇ ಕೈ ಎಳೆದುಕೊಂಡ.

ನಾನು ಶಾಲೆಯಿಂದ ಬಂದ ಕೂಡಲೇ ನೀವು ಆ ರಿಬ್ಬನ್ನನ್ನು ಒಂದೇ ಎಳೆತಕ್ಕೆ ಬಿಚ್ಚುತ್ತಿದ್ದಿರಿ. ಯಾವ ತುದಿ ಎಳೆಯುತ್ತಿದ್ದಿರಿ ಅಪ್ಪಾ? ನಾನು ಯಾವಾಗಲೂ ನಿಮಗೆ ಬೆನ್ನು ಮಾಡಿ ನಿಂತಿರುತ್ತಿದ್ದೆ.