ಹಿಂದಿನ ಸೀಟಿನಿಂದ ಒಂದು ಹೇಳಿಕೆ

ಜಯನಗರ ಐದನೇ ಬ್ಲಾಕ್
ಮಂಗಳವಾರ ಬೆಳಗ್ಗೆ

ಪ್ರೊಫೆಸರ್ ಮಾಧವ ಅವರಿಗೆ,

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಿಮಗೆ ಪತ್ರ ಬರೆಯುವ ಸಂದರ್ಭ ಬಂದಿರಲಿಲ್ಲ. ಒಂದೇ ಮನೆಯಲ್ಲಿರುವವರಿಗೆ ಪತ್ರ ಯಾಕೆ ಎಂದು ನಗಬೇಡಿ. ಮೊದಲು ಕಾಗದ ಇಟ್ಟವರು ನೀವೇ. ವಾಕಿಂಗ್‌ಗೆ ಹೊರಡುವ ಮುಂಚೆ ಊಟದ ಟೇಬಲ್ಲಿನ ಮೇಲೆ, ಸಕ್ಕರೆ ಡಬ್ಬಿಯ ಕೆಳಗೆ, ಒಂದು ಜೋಡಿ ಹಾಳೆ ಇಟ್ಟುಹೋದಿರಿ. ಅದರ ಮೊದಲ ಪುಟದಲ್ಲಿ ನಿಮ್ಮ ದುಂಡನೆಯ ಅಕ್ಷರದಲ್ಲಿ ಹೀಗಿದೆ: "ಭಾನುವಾರ ಬೆಳಗ್ಗೆ ಯಡಿಯೂರು ಕೆರೆಯ ಹತ್ತಿರದ ದೇವಸ್ಥಾನದ ಮುಂದೆ ಅಪಘಾತವಾದ ಸಮಯದಲ್ಲಿ ಸದರಿ ಕಾರನ್ನು ವಿಮಲಾ ಎಂಬ ನಾನೇ ಚಲಾಯಿಸುತ್ತಿದ್ದೆನೆಂದು ಈ ಮೂಲಕ ತಿಳಿಯಪಡಿಸುತ್ತೇನೆ." ಕೆಳಗೆ ನನ್ನ ರುಜುವಿಗೆ ಜಾಗ ಬಿಟ್ಟು ಪೆನ್ಸಿಲಿನಲ್ಲಿ ಗೆರೆ ಕೂಡ ಎಳೆದಿದ್ದೀರಿ. ಸ್ಕೇಲ್ ಇಟ್ಟೇ ಎಳೆದಿರಬೇಕು, ಅಷ್ಟು ನೆಟ್ಟಗಿದೆ. ಉಳಿದ ಮೂರು ಪುಟ ಖಾಲಿ ಇದ್ದವು. ದಂಡವಾಗುವುದು ಬೇಡವೆಂದು ಅದರಲ್ಲಿ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಹೇಳಿಕೆಯಲ್ಲಿ ಒಂದು ಕಾಗುಣಿತವೂ ತಪ್ಪಿಲ್ಲ. ಕಾಗದದ ಮೇಲೆ ನೀವು ಎಂದೂ ತಪ್ಪು ಮಾಡಿದವರಲ್ಲ. ಎರಡು ತಿಂಗಳ ಹಿಂದೆ ಎಲ್‌ಎಲ್‌ಆರ್ ಪರೀಕ್ಷೆ ಬರೆದು ಬಂದ ದಿನ ನೆನಪಿದೆಯೇ? "ಫುಲ್ ಮಾರ್ಕ್ಸು ಕಣೆ, ಒಂದೂ ತಪ್ಪಿಲ್ಲ" ಎಂದು ಚಪ್ಪಲಿ ಬಿಡುವ ಮೊದಲೇ ಕೂಗಿದಿರಿ. ಐವತ್ತೆರಡು ವರ್ಷದ ಕಾಮರ್ಸ್ ವಿಭಾಗದ ಮುಖ್ಯಸ್ಥರು! ಊಟಕ್ಕೆ ಕೂತಾಗ ಮಗಳಿಗೂ ಅದೇ ಪ್ರಶ್ನೆಗಳನ್ನು ಕೇಳಿದಿರಿ. ಕಾರು ಕಲಿಯುವವರ ಪಕ್ಕದಲ್ಲಿ ಯಾರು ಕೂರಬೇಕು? ಸಂಹಿತಾ ತಟ್ಟನೆ "ಅಮ್ಮ" ಎಂದಳು. ನಿಮಗೆ ನಗು ತಡೆಯಲಾಗಲಿಲ್ಲ. "ಅಮ್ಮ ಅಲ್ಲ ಪುಟ್ಟಿ, ಪರ್ಮನೆಂಟ್ ಲೈಸೆನ್ಸ್ ಇರೋರು" ಎಂದು ತಿದ್ದಿದಿರಿ. ನನ್ನ ಪರ್ಸಿನಲ್ಲಿ ಹದಿನೆಂಟು ವರ್ಷದಿಂದ ಆ ಲೈಸೆನ್ಸ್ ಇದೆ. ನಾನು ಹುಳಿ ಬಡಿಸಿದೆ.

ಅದು ನಿಮಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅಣ್ಣ ಹುಬ್ಬಳ್ಳಿಗೆ ವರ್ಗವಾಗಿ ಹೋದಾಗ ಅವನ ಹಳೆಯ ಕಾರು ವರ್ಷವಿಡೀ ನಮ್ಮ ಗೇಟಿನ ಮುಂದೆ ನಿಂತಿತ್ತು. ಆ ವರ್ಷವೇ ಮಾವನವರಿಗೆ ಎದೆನೋವು ಬಂದದ್ದು. ಆಂಬುಲೆನ್ಸಿಗೆ ಕಾಯದೆ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಸೌತ್ ಎಂಡ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಓಡಿಸಿದವಳು ನಾನು. ನೀವು ಅವರ ಚಪ್ಪಲಿ ಹಿಡಿದುಕೊಂಡು ಹಿಂದೆ ಕೂತಿದ್ದಿರಿ. ಆಮೇಲೆ ನೆಂಟರಿಗೆಲ್ಲ ಫೋನಿನಲ್ಲಿ "ನಾನು ತಕ್ಷಣ ಕರ್ಕೊಂಡ್ ಹೋದೆ" ಎಂದು ಹೇಳಿದಿರಿ. ಹೋಗಲಿ ಬಿಡಿ, ಯಾರು ಓಡಿಸಿದರೇನು ಎಂದುಕೊಂಡೆ. ಯಾರು ಓಡಿಸಿದರು ಎಂಬುದು ಇಷ್ಟು ದೊಡ್ಡ ಪ್ರಶ್ನೆಯಾಗುತ್ತದೆಂದು ಆಗ ಗೊತ್ತಿರಲಿಲ್ಲ.

ನನ್ನ ಪಕ್ಕ ಕೂತು ಕಲಿಯುವುದು ನಿಮಗೆ ಅವಮಾನ. ಬೀದಿಯವರು ನೋಡುತ್ತಾರಲ್ಲ! ಅದಕ್ಕೇ ಡ್ರೈವಿಂಗ್ ಸ್ಕೂಲು ಸೇರಿದಿರಿ. ಅಲ್ಲಿನ ಕಾರಿನಲ್ಲಿ ಮೇಷ್ಟ್ರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ನಿಮಗೆ ಕಲಿಸುತ್ತಿದ್ದ ದಿನೇಶ್ ಒಂದು ದಿನ ಗೇಟಿನ ಹತ್ತಿರ ನನ್ನನ್ನು ಕರೆದು ಮೆಲ್ಲಗೆ ಹೇಳಿದ: "ಮೇಡಂ, ಸಾರ್‌ಗೆ ಇನ್ನೂ ಒಂದ್ ತಿಂಗ್ಳು ಬೇಕು. ಬ್ರೇಕ್ ಎಲ್ಲಾ ನಾನೇ ಒತ್ತೋದು, ಅವ್ರಿಗೆ ಗೊತ್ತೇ ಆಗಲ್ಲ." ನಾನು ಅದನ್ನು ನಿಮಗೆ ಹೇಳಿದಾಗ "ಅವ್ನಿಗೆ ಇನ್ನೊಂದ್ ತಿಂಗಳ ಫೀಸು ಬೇಕು ಅಷ್ಟೆ" ಎಂದು ಕೈ ಕೊಡವಿದಿರಿ. ಮಾರನೆಯ ವಾರವೇ ಕಾರು ಬುಕ್ ಮಾಡಿದಿರಿ.

ಭಾನುವಾರ ಷೋರೂಮಿನ ಡ್ರೈವರ್ ಕಾರನ್ನು ದೇವಸ್ಥಾನದ ಮುಂದೆ ತಂದು ನಿಲ್ಲಿಸಿ, ಕೀ ಕೊಟ್ಟು ಹೋದ. ದಿನೇಶ್ ಕೊಟ್ಟಿದ್ದ ಎರಡು ಕೆಂಪು ಎಲ್ ಸ್ಟಿಕ್ಕರುಗಳನ್ನು ನಾನೇ ನೆನಪಿಟ್ಟು ತಂದಿದ್ದೆ. "ಪೂಜೆ ಮಾಡಿಸ್ತಿರೋ ಗಾಡಿಗೆ ಇದೊಂದ್ ಕಡಿಮೆ" ಎಂದು ಅವನ್ನು ಡ್ಯಾಶ್‌ಬೋರ್ಡಿನ ಖಾನೆಗೆ ತುರುಕಿದಿರಿ. ಹೂವಿನ ನಾಗಲಕ್ಷ್ಮಮ್ಮ ತಾವೇ ಎದ್ದು ಬಂದು ಬಾನೆಟ್ಟಿಗೆ ಸೇವಂತಿಗೆ ಹಾರ ಬಿಗಿದು ಕಟ್ಟಿಕೊಟ್ಟರು. ಅರ್ಚಕರು ಮಂಗಳಾರತಿ ಮುಗಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಒಳಗೆ ಹೋದರು. ಮನೆಯ ತನಕ ನಾನು ಓಡಿಸುತ್ತೇನೆ ಎಂದೆ. "ಹೊಸ ಗಾಡಿ ಯಜಮಾನನ ಕೈಲೇ ಹೊರಡ್ಬೇಕು ಕಣೆ" ಎಂದಿರಿ. ಸರಿ, ಪಕ್ಕದಲ್ಲಾದರೂ ಕೂರೋಣವೆಂದು ನಾನು ಮುಂದಿನ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ನೀವು ಬಾಗಿಲು ತೆಗೆದು ಹಿಡಿದು ನಿಂತಿದ್ದಿರಿ. "ಅಪ್ಪ, ಮುಂದೆ ಕೂತ್ಕೊಳ್ಳಿ. ಹಿರಿಯರು ನೀವು." ಜೀವಮಾನದಲ್ಲಿ ಸೈಕಲ್ ಬಿಟ್ಟು ಬೇರೇನನ್ನೂ ಓಡಿಸದ ಮಾವನವರು ಮುಂದೆ ಕೂತರು. ಲೈಸೆನ್ಸ್ ಇದ್ದ ಸೊಸೆ ತೆಂಗಿನಕಾಯಿ ಹೋಳಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮಗಳ ಜೊತೆ ಹಿಂದೆ ಕೂತಳು. ನೀವು ಫುಲ್ ಮಾರ್ಕ್ಸ್ ತೆಗೆದುಕೊಂಡ ಪ್ರಶ್ನೆ ಅದೇ ಅಲ್ಲವೇ?

ನಿಂಬೆಹಣ್ಣು ಹಿಸುಕಲು ಕಾರು ಒಂದಡಿ ಮುಂದೆ ಹೋದರೆ ಸಾಕಿತ್ತು. ಆಟೋಮ್ಯಾಟಿಕ್ ಗಾಡಿ, ಬ್ರೇಕಿನಿಂದ ಕಾಲು ತೆಗೆದಿದ್ದರೆ ತಾನೇ ಉರುಳುತ್ತಿತ್ತು. ನೀವು ಆಕ್ಸಿಲರೇಟರ್ ತುಳಿದಿರಿ. ಕಾರು ಹಾರಿತು. ನಾನು "ಬ್ರೇಕ್, ಬ್ರೇಕ್" ಎಂದು ಕಿರುಚಿದಷ್ಟೂ ನೀವು ಕಾಲಡಿ ಇದ್ದುದನ್ನೇ ಒತ್ತಿದಿರಿ. ಪಕ್ಕದಲ್ಲಿದ್ದಿದ್ದರೆ ಸ್ಟೀರಿಂಗ್ ಎಳೆಯಬಹುದಿತ್ತು, ಹ್ಯಾಂಡ್‌ಬ್ರೇಕ್ ಹಾಕಬಹುದಿತ್ತು. ಹಿಂದಿನ ಸೀಟಿನಲ್ಲಿ ನನ್ನ ಕೈಗೆ ಸಿಕ್ಕಿದ್ದು ತಟ್ಟೆ ಮಾತ್ರ. ಕಾರು ಫುಟ್‌ಪಾತ್ ಹತ್ತಿ ಹೂವಿನ ಬುಟ್ಟಿಗಳನ್ನು ಚೆಲ್ಲಾಡಿ, ಅರಳಿಕಟ್ಟೆಗೆ ಗುದ್ದಿ ನಿಂತಿತು. ಕಟ್ಟೆಗೂ ಕಾರಿಗೂ ನಡುವೆ ನಾಗಲಕ್ಷ್ಮಮ್ಮನ ಬಲಗಾಲು ಸಿಕ್ಕಿಕೊಂಡಿತ್ತು.

ನೀವು ಇಳಿದು ಮೊದಲು ನೋಡಿದ್ದು ಬಂಪರನ್ನು. "ಅಯ್ಯೋ, ಹೊಸ ಗಾಡಿ" ಎಂದಿರಿ. ಈ ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಜನ ಸೇರಿ ಕಾರನ್ನು ಹಿಂದಕ್ಕೆ ತಳ್ಳಿ ನಾಗಲಕ್ಷ್ಮಮ್ಮನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಸಂಹಿತಾ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನಾನು ಸ್ಟೀರಿಂಗ್ ಹಿಡಿದೆ. "ನೀನ್ ಹೋಗಿರು, ನಾನು ಅಪ್ಪನ್ನ ಕರ್ಕೊಂಡು ಆಟೋದಲ್ಲಿ ಬರ್ತೀನಿ" ಎಂದಿರಿ.

ಆಟೋದಲ್ಲಿ ಬರುವಷ್ಟರಲ್ಲಿ ನಿಮ್ಮ ತಲೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನನ್ನು ಕಂಬದ ಹಿಂದೆ ಕರೆದು ಹೇಳಿದಿರಿ: "ಗಾಡಿ ತಂದೋಳು ನೀನೇ ತಾನೆ? ಇಲ್ಲಿ ಸೆಕ್ಯುರಿಟಿಯೋರು ನೋಡಿದಾರೆ. ನಿಂಗೆ ಲೈಸೆನ್ಸ್ ಇದೆ, ಅಷ್ಟೇನೂ ಆಗಲ್ಲ. ನಂದು ಹಾಗಲ್ಲ, ಮುಂದಿನ ವರ್ಷ ಪ್ರಿನ್ಸಿಪಾಲ್ ಪೋಸ್ಟು." ಹದಿನೆಂಟು ವರ್ಷ ನಿಮ್ಮ ಕಣ್ಣಿಗೆ ಬೀಳದ ನನ್ನ ಲೈಸೆನ್ಸ್ ಅಂದು ಬಿತ್ತು. ಒಬ್ಬ ಹೆಂಗಸಿನ ಪ್ರಾಣ ಉಳಿಸಲು ಓಡಿಸಿದ್ದನ್ನೇ ಸಾಕ್ಷಿ ಮಾಡಿಕೊಂಡಿರಲ್ಲ, ನಿಮ್ಮ ಬುದ್ಧಿಗೆ ಏನು ಹೇಳಲಿ. ಯೋಚನೆ ಮಾಡ್ತೀನಿ ಎಂದುಬಿಟ್ಟೆ. ಅಲ್ಲಿಯೇ ಆಗಲ್ಲ ಎನ್ನದೆ ಹೋದದ್ದಕ್ಕೆ ನನ್ನ ಮೇಲೂ ನನಗೆ ಹೇಸಿಗೆಯಿದೆ.

ನಿನ್ನೆ ಮಧ್ಯಾಹ್ನ ಪಾಠ ಮುಗಿಸಿ ಶಾಲೆಯಿಂದ ನೇರವಾಗಿ ನಾಗಲಕ್ಷ್ಮಮ್ಮನನ್ನು ನೋಡಲು ಹೋಗಿದ್ದೆ. ಕಾಲಿಗೆ ರಾಡ್ ಹಾಕಿದ್ದಾರೆ. ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಹೂ ಕಟ್ಟುವವರು ಅವರು. "ಕಾಲು ಮಡಚೋಕೆ ಆಗುತ್ತೇನಮ್ಮಾ?" ಎಂದು ಮೂರು ಸಲ ಕೇಳಿದರು. ಆಮೇಲೆ ಅವರೇ ನನ್ನ ಕೈ ಹಿಡಿದು ಹೇಳಿದರು: "ನೀವು ಹಿಂದೆ ಕೂತಿದ್ರಿ, ತೊಡೆ ಮೇಲೆ ತಟ್ಟೆ ಇತ್ತು. ನಾನು ನೋಡಿದೀನಿ. ಆದ್ರೆ ನಿಮ್ ಸಾಹೇಬ್ರು ಬಂದು ನೀವೇ ಓಡಿಸ್ತಿದ್ರಿ ಅಂದ್ರು. ನಿಮ್ ಮನೇಲಿ ತೊಂದ್ರೆ ಆಗುತ್ತೆ ಅಂದ್ರೆ ನಾನೂ ಹಂಗೇ ಹೇಳ್ತೀನಿ ಬಿಡಮ್ಮಾ."

ಕೇಳಿಸಿತೇ? ನೀವು ಮುರಿದ ಕಾಲನ್ನು ಮುಂದೆ ಚಾಚಿಕೊಂಡು ಮಲಗಿರುವಾಕೆ ನಮ್ಮ ಮನೆಯ ನೆಮ್ಮದಿಯನ್ನು ಯೋಚಿಸಿದರು. ನೀವು ಅಲ್ಲಿಗೆ ಹೋದದ್ದು ಕಾಲು ನೋಡಲು ಅಲ್ಲ, ಬಾಯಿಪಾಠ ಮಾಡಿಸಲು. ನಾನು ಆಸ್ಪತ್ರೆಯ ಬಾತ್‌ರೂಮಿಗೆ ಹೋಗಿ ಅತ್ತೆ.

ಮನೆಗೆ ಬಂದರೆ ಸಂಹಿತಾ ಬಾಗಿಲಲ್ಲೇ ಕಾಯುತ್ತಿದ್ದಳು. "ಅಮ್ಮ, ನನ್ನೂ ಹಾಗೇ ಹೇಳು ಅಂದಿದಾರೆ ಅಪ್ಪ. ನಾನ್ ಏನ್ ಹೇಳ್ಲಿ?" ಮುಂದಿನ ತಿಂಗಳು ಅವಳಿಗೆ ಹದಿನೆಂಟು ತುಂಬುತ್ತದೆ. ಅವಳೂ ಎಲ್‌ಎಲ್‌ಆರ್‌ಗೆ ಅರ್ಜಿ ಹಾಕುವವಳು. ನಡೆದದ್ದನ್ನೇ ಹೇಳು ಪುಟ್ಟಿ ಎಂದೆ. ಅವಳು ನನ್ನನ್ನು ತಬ್ಬಿಕೊಂಡಳು, ಇನ್ನೂ ಬಿಟ್ಟಿಲ್ಲ ಎನಿಸುತ್ತಿದೆ.

ಹೇಳಿಕೆ ಕೊಡಲು ಪೊಲೀಸರು ಹತ್ತು ಗಂಟೆಗೆ ಠಾಣೆಗೆ ಬರಲು ಹೇಳಿದ್ದಾರೆ. ಮಗಳು ಬಸ್ಸಿನಲ್ಲಿ ಬರುತ್ತಾಳೆ. ಕಾರು ಪೊಲೀಸರ ಹತ್ತಿರವೇ ಇರುವುದರಿಂದ ನಾನು ಸ್ಕೂಟರಿನಲ್ಲಿ ಹೋಗುತ್ತೇನೆ. ನಿಮಗೂ ಬರುವ ಧೈರ್ಯವಿದ್ದರೆ ಇನ್ನೊಂದು ಹೆಲ್ಮೆಟ್ ಷೂ ಸ್ಟ್ಯಾಂಡಿನ ಮೇಲಿದೆ. ಹಿಂದಿನ ಸೀಟು ಖಾಲಿ ಇದೆ. ಅಲ್ಲಿ ಕೂತರೆ ಏನೇನು ಕಾಣುತ್ತದೆ, ಏನೇನು ಕೈಗೆ ಎಟುಕುವುದಿಲ್ಲ ಎಂಬುದು ನಿಮಗೂ ಗೊತ್ತಾಗಲಿ. ನಿಮ್ಮ ಬಾಯಿಂದಲೇ ನಿಜ ಬಂದರೆ ನಾನು ಹೆಚ್ಚು ಮಾತಾಡುವುದಿಲ್ಲ. ಬರದಿದ್ದರೆ ಈ ನಾಲ್ಕೂ ಪುಟಗಳನ್ನು ಇನ್ಸ್‌ಪೆಕ್ಟರ ಮೇಜಿನ ಮೇಲೆ ಇಡುತ್ತೇನೆ, ನೀವು ಬರೆದ ಮೊದಲ ಪುಟವೂ ಸೇರಿ.

ನಾಗಲಕ್ಷ್ಮಮ್ಮನ ಕಾಲು ಮಡಚುವಂತಾಗಲಿ. ನಿಮಗೆ ದೇವರು ಆಯುಷ್ಯ ಕೊಡಲಿ, ಅದರ ಜೊತೆಗೆ ನಾಚಿಕೆಯನ್ನೂ ಕೊಡಲಿ.

ನೀವು ಕೇಳಿದ ರುಜುವನ್ನು ಇಗೋ ಹಾಕಿದ್ದೇನೆ, ನಾನೇ ಬರೆದ ಪುಟದ ಕೆಳಗೆ.

ವಿಮಲಾ