ಸೈಟಿಗೆ ಹಾಕಿದ ತೋಟದ ದಾರಿ

ಮಲಕಾರಿ ಮಾಮನ ತೋಟ, ಪಾಲಬಾವಿ
೧೫ ನವೆಂಬರ್ ೨೦೨೪

ಪ್ರೀತಿಯ ಸುಗಂಧಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡಮಾಡಿದೆನೆಂದು ಬೈದುಕೋ, ಮಾತು ಮಾತ್ರ ಬಿಡಬೇಡ. ನಿಪ್ಪಾಣಿಯಲ್ಲಿ ಹಪ್ಪಳ ಮಾರಲು ವೆಬ್‌ಸೈಟ್ ಮಾಡಬೇಕು, ಹೇಗೆಂದು ಬರೆದು ಕಳಿಸಿದರೆ ಎದುರಿಗಿಟ್ಟುಕೊಂಡು ಮಾಡುತ್ತೇನೆ ಅಂದಿದ್ದೆಯಲ್ಲ, ಅದಕ್ಕೇ ಈ ಕಾಗದ.

ಮೊದಲು ಸೈಟಿಗೊಂದು ಹೆಸರು ಕೊಳ್ಳಬೇಕು. ಹೆಸರಷ್ಟೇ ಸಾಲದು, ಅದನ್ನು ಇಡಲು ಜಾಗ ಬಾಡಿಗೆಗೆ ಹಿಡಿಯಬೇಕು. ಹೋಸ್ಟಿಂಗ್ ಅನ್ನುವುದು ಅದನ್ನೇ. ಎರಡನ್ನೂ ಜೋಡಿಸಿದ ಮೇಲೂ ಸೈಟ್ ಕೂಡಲೇ ಕಾಣುವುದಿಲ್ಲ. ನನ್ನ ಸೈಟ್ ಕಾಣದಿದ್ದಾಗ ನಾನು ಗಾಬರಿಯಾಗಿ ಜಾಗ ಕೊಟ್ಟ ಕಂಪನಿಗೆ ಫೋನ್ ಮಾಡಿದರೆ, "ಒಂದಿನಾ ತಡೀರಿ ಅಕ್ಕಾರ, ಬರತೈತಿ" ಅಂದರು. ಆಮೇಲೆ ಸಿದ್ಧ ಪುಟವೊಂದನ್ನು ಆರಿಸಿ ಫೋಟೊ, ಬೆಲೆ ತುಂಬಿದರಾಯಿತು. ನಾನು ಮಾಮ ನೇಯ್ದ ಕಂಬಳಿಗಳ ಫೋಟೊ ಹಾಕಿದೆ. ನನ್ನ ಮುಖ, ಹೆಸರು ಎಲ್ಲಿಯೂ ಹಾಕಲಿಲ್ಲ. ನಾನು ಬಿಟ್ಟು ಬಂದ ಗಂಡ ವಿಕ್ರಾಂತ, ಅಥಣಿ ಕಡೆಯ ತೆಲಸಂಗದವನು, ಇನ್ನೂ ನನ್ನನ್ನು ಹುಡುಕುತ್ತಿದ್ದಾನೆ. ಸಿಕ್ಕರೆ ಜೀವಸಹಿತ ಬಿಡುವುದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ.

ಎಡವಿದ್ದು ವಿಳಾಸದ ಪುಟದಲ್ಲಿ. ನಮ್ಮ ಕಡೆ ನಿನಗೆ ಗೊತ್ತಲ್ಲ, ಊರೊಳಗೆ ಯಾರಿದ್ದಾರೆ, ಎಲ್ಲರೂ ತೋಟದಲ್ಲೇ. ದಾರಿ ಹೇಳದಿದ್ದರೆ ಬೀಗರೂ ಬಂದು ಮುಟ್ಟುವುದಿಲ್ಲ. ತಮ್ಮ ಬಸವಂತ ಪಕ್ಕದಲ್ಲೇ ಕೂತಿದ್ದ. "ಅಕ್ಕಾ, ದಾರಿ ಹಾಕಲಿಲ್ಲಂದ್ರ ಗಿರಾಕಿ ಹೆಂಗ ಬರತಾರ?" ಅಂದ. ಹೌದೆನ್ನಿಸಿತು. ಹಾರೂಗೇರಿ ರಸ್ತೆ ಬಿಟ್ಟು ಕಾಲುವೆ ದಾಟಿ, ಬೇವಿನ ಗಿಡದ ಹತ್ತಿರ ಎಡಕ್ಕೆ ಹೊರಳಿದರೆ ಕುರಿದೊಡ್ಡಿ ಇರುವ ತೋಟ, ಹೀಗೆ ನಕಾಶೆ ಸಮೇತ ಹಾಕಿದೆವು.

ಸೈಟನ್ನು ಯಾವ ಊರಿನಿಂದ ನೋಡಿದರೆಂದು ತಿಳಿಯುತ್ತದೆ. ಮೊದಮೊದಲು ಹಿಗ್ಗಿದ್ದೆ. ಆಮೇಲೆ ನೋಡಿದರೆ ಅಥಣಿ ಕಡೆಯ ಯಾರೋ ಒಬ್ಬರು ಕಂಬಳಿ ನೋಡುವುದೇ ಇಲ್ಲ, ದಿನವೂ ದಾರಿಯ ಪುಟವನ್ನಷ್ಟೇ ತೆರೆಯುತ್ತಾರೆ. ಹೋದ ಸೋಮವಾರ ಗಿರಾಕಿಗಳು ಬರೆಯುವ ಜಾಗದಲ್ಲಿ ಹೆಸರಿಲ್ಲದ ಒಂದು ಸಾಲು ಬಂತು. "ಬೇವಿನ ಗಿಡದ ತನಕಾ ಬಂದ ನೋಡಿ ಹೋಗೇನಿ."

ಆ ಗಳಿಗೆಯಲ್ಲೇ ದಾರಿಯ ಪುಟ ತೆಗೆದುಹಾಕಿ ಮಾಮನಿಗೆ ಹೇಳಿದೆ. "ಬರ್ಲಿ ತಗಿ, ನಾಯಿ ಅದಾವ, ನಾ ಅದೀನಿ" ಅಂದರು. ಹಾಗಂದವರು ಅಂದಿನಿಂದ ಕುರಿ ಹೊಡೆದುಕೊಂಡು ದೂರ ಹೋಗುತ್ತಿಲ್ಲ. ಬಸವಂತನಿಗೆ ಹೇಳಿದರೆ, "ಎಷ್ಟ ದಿನಾ ಹಿಂಗ ಅಡಗಿ ಕುಂದರತಿ? ನಿನ್ನ ಸಲುವಾಗಿ ನನಗ ಯಾರೂ ಹೆಣ್ಣ ಕೊಡವಲ್ರು" ಎಂದು ಎದ್ದು ಹೋದ. ಮೈ ಉರಿಯಿತು. ನನ್ನ ಜೀವಕ್ಕಿಂತ ಇವನ ಮದುವೆ ದೊಡ್ಡದೇನೇ?

ನೀನು ಮಾತ್ರ ಮನೆಯ ದಾರಿ ಹಾಕಬೇಡ, ಕೊರಿಯರಿನಲ್ಲಿ ಕಳಿಸು. ನಿನ್ನ ಹಪ್ಪಳ ಊರೂರಿಗೆ ಹೋಗಲಿ, ಮಕ್ಕಳು ಸುಖವಾಗಿರಲಿ.

ನಿನ್ನ,
ಸುಜಾತಾ

ತಾ.ಕ.: ಕಾಗದ ಮಡಚುವ ಮುಂಚೆ ಸೈಟ್ ತೆರೆದು ನೋಡಿದೆ. ನಾನು ತೆಗೆದ ಪುಟ ಮತ್ತೆ ಬಂದಿದೆ. ಕೆಳಗೆ ಹೊಸ ಸಾಲು: "ಗುರುವಾರ ಮಾಮ ತೋಟದಲ್ಲಿ ಇರುವುದಿಲ್ಲ. ಕಂಬಳಿ ಬೇಕಾದವರು ಅಕ್ಕನನ್ನು ಕೇಳಿರಿ." ಸೈಟಿನ ಪಾಸ್‌ವರ್ಡ್ ಗೊತ್ತಿರುವುದು ನನಗೆ ಮತ್ತು ಬಸವಂತನಿಗೆ. ತೆಲಸಂಗದಿಂದ ನನ್ನನ್ನು ಬೈಕಿನ ಮೇಲೆ ಕೂರಿಸಿಕೊಂಡು ಬಂದು ಉಳಿಸಿದವನೂ ಅವನೇ, ಸುಗಂಧಾ. ಗುರುವಾರದೊಳಗೆ ಇಲ್ಲಿಂದ ಹೊರಡುತ್ತೇನೆ. ಎಲ್ಲಿಗೆಂದು ನಿನಗೂ ಬರೆಯಲಾರೆ.